ಪ್ಲೇಗಿನ ಸೂಕ್ಷ್ಮಾಣುವಿಗೆ ಹೆಸರಾಗಿ ಉಳಿದ ಡಾ. ಯೆರ್ಸಿನ್

ಹನ್ನೂರ (ತಾ. ಅಕ್ಕಲಕೋಟ): ಗಡಿ ಭಾಗದ ಹಳ್ಳಿಗಳಲ್ಲಿ ಪ್ಲೇಗ್ ಎಂಬ ಮಾತು ಇನ್ನೂ ಮರೆತಿಲ್ಲ. ಇಲಿ ಸತ್ತು ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು ಹೊಲದಲ್ಲಿ ಗುಡಿಸಲು ಹಾಕಿ ಇರುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿದವರು ಇಂದಿಗೂ ಇದ್ದಾರೆ. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಗಂಟು ಎದ್ದು, ಮೈ ಕೆಂಡದಂತೆ ಸುಟ್ಟು, ನಾಲ್ಕೈದು ದಿನದಲ್ಲಿ ಮನುಷ್ಯ ಹೋಗಿಬಿಡುತ್ತಿದ್ದ. ಮಣ್ಣು ಕೊಡಲು ಜನ ಸಿಗುತ್ತಿರಲಿಲ್ಲ. 1896ರಿಂದ ಸುಮಾರು ಮೂರು ದಶಕಗಳಲ್ಲಿ ಭಾರತದಲ್ಲಿ ಈ ರೋಗಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಈ ರೋಗ ತರುವ ಸೂಕ್ಷ್ಮಾಣುವಿನ ಶಾಸ್ತ್ರೀಯ ಹೆಸರು ಯೆರ್ಸಿನಿಯಾ ಪೆಸ್ಟಿಸ್. ಈ ಹೆಸರಿನ ಮೊದಲ ಭಾಗ ಒಬ್ಬ ಮನುಷ್ಯನದು. ಅವರು ಡಾ. ಅಲೆಕ್ಸಾಂದ್ರ ಯೆರ್ಸಿನ್. ಪ್ಲೇಗಿನ ಕಾಲದಲ್ಲಿ ಮುಂಬಯಿಗೂ ಬಂದು ಹೋದವರು. ಅವರ ಬದುಕು ಎಷ್ಟು ವಿಚಿತ್ರವೋ, ಅವರು ತೀರಿಕೊಂಡ ಮೇಲೆ ಆ ಸೂಕ್ಷ್ಮಾಣುವಿನ ಹೆಸರಿಗಾಗಿ ನಡೆದ ವಾದವೂ ಅಷ್ಟೇ ವಿಚಿತ್ರ.

ಯೆರ್ಸಿನ್ ಹುಟ್ಟಿದ್ದು 22 ಸೆಪ್ಟೆಂಬರ್ 1863ರಂದು, ಸ್ವಿಟ್ಜರ್‌ಲೆಂಡ್ ದೇಶದ ವೋ ಪ್ರಾಂತದಲ್ಲಿ. ಅವರು ಹುಟ್ಟುವ ಮುನ್ನವೇ ತಂದೆ ತೀರಿಕೊಂಡಿದ್ದರು. ತಂದೆಗೆ ಕೀಟಗಳ ಅಧ್ಯಯನದ ಹುಚ್ಚಿತ್ತು. ತಾಯಿ ಮೋರ್ಜ್ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿ ಮಕ್ಕಳನ್ನು ಸಾಕಿದರು. ಲೋಸಾನ್, ಮಾರ್ಬರ್ಗ್ ನಗರಗಳಲ್ಲಿ ವೈದ್ಯಕೀಯ ಓದಿ, ಮುಂದೆ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಎಮಿಲ್ ರೂ ಎಂಬ ವಿಜ್ಞಾನಿಯ ಪರಿಚಯವಾಗಿ, 1886ರಲ್ಲಿ ಲೂಯಿ ಪಾಶ್ಚರ್ ಅವರ ಪ್ರಯೋಗಶಾಲೆ ಸೇರಿದರು. ಹುಚ್ಚುನಾಯಿ ಕಡಿತಕ್ಕೆ ಪಾಶ್ಚರ್ ಲಸಿಕೆ ಕಂಡುಹಿಡಿದು ಜಗತ್ಪ್ರಸಿದ್ಧರಾಗಿದ್ದ ಕಾಲ ಅದು.

ರೂ ಮತ್ತು ಯೆರ್ಸಿನ್ ಕೂಡಿ ಮಾಡಿದ ಕೆಲಸ ಸಣ್ಣದಲ್ಲ. ಮಕ್ಕಳ ಗಂಟಲು ಕಟ್ಟಿ ಕೊಲ್ಲುವ ಡಿಫ್ತೀರಿಯಾ ರೋಗದಲ್ಲಿ ಸೂಕ್ಷ್ಮಾಣುವಿಗಿಂತ ಅದು ಬಿಡುವ ವಿಷವೇ ಪ್ರಾಣ ತೆಗೆಯುತ್ತದೆ ಎಂದು ಅವರು 1888ರಲ್ಲಿ ತೋರಿಸಿದರು. ಇದರ ಆಧಾರದ ಮೇಲೆಯೇ ಮುಂದೆ ಡಿಫ್ತೀರಿಯಾಕ್ಕೆ ಔಷಧ ಬಂತು. ಇಪ್ಪತ್ತೈದರ ವಯಸ್ಸಿಗೆ ಇಷ್ಟು ಹೆಸರು ಮಾಡಿದ ಹುಡುಗ ಪ್ಯಾರಿಸ್ಸಿನಲ್ಲೇ ಕುಳಿತಿದ್ದರೆ ದೊಡ್ಡ ಹುದ್ದೆಗೆ ಏರುತ್ತಿದ್ದ. ಯೆರ್ಸಿನ್ ಹಾಗೆ ಮಾಡಲಿಲ್ಲ. 1890ರಲ್ಲಿ ಎಲ್ಲ ಬಿಟ್ಟು ಹಡಗಿನ ಡಾಕ್ಟರ್ ಆಗಿ ಪೂರ್ವದ ಕಡೆ ಹೊರಟರು. ಸೈಗಾನ್, ಮನಿಲಾ, ಹೈಫಾಂಗ್ ಬಂದರುಗಳ ನಡುವೆ ಓಡಾಡಿದರು. ಈಗಿನ ವಿಯೆಟ್ನಾಂ ಆಗ ಫ್ರೆಂಚರ ಕೈಯಲ್ಲಿತ್ತು. ಅಲ್ಲಿಯ ಕಾಡು, ಗುಡ್ಡ, ಬುಡಕಟ್ಟು ಜನರ ನಡುವೆ ತಿರುಗಿ ನಕ್ಷೆ ಬರೆದರು. ದರೋಡೆಕೋರರಿಂದ ಪೆಟ್ಟು ತಿಂದರು. ಇಂದು ದಾಲಾತ್ ಎಂಬ ಪ್ರಸಿದ್ಧ ಗಿರಿಧಾಮ ಇರುವ ಪ್ರಸ್ಥಭೂಮಿಯನ್ನು 1893ರಲ್ಲಿ ಹೊರಗಿನ ಲೋಕಕ್ಕೆ ತಿಳಿಸಿದವರು ಅವರೇ.

1894ರಲ್ಲಿ ಚೀನಾದಿಂದ ಪ್ಲೇಗ್ ಹಾಂಗ್‌ಕಾಂಗಿಗೆ ಬಂತು. ಫ್ರೆಂಚ್ ಸರಕಾರ ಯೆರ್ಸಿನ್ ಅವರನ್ನು ಅಲ್ಲಿಗೆ ಕಳಿಸಿತು. ಜೂನ್ 15ರಂದು ಅವರು ಹಾಂಗ್‌ಕಾಂಗಿನಲ್ಲಿ ಇಳಿದರು. ಅವರಿಗಿಂತ ಮೂರು ದಿನ ಮೊದಲೇ ಜಪಾನಿನ ಶಿಬಾಸಾಬುರೋ ಕಿಟಾಸಾಟೋ ತಮ್ಮ ತಂಡದೊಂದಿಗೆ ಬಂದಿದ್ದರು. ಕಿಟಾಸಾಟೋ ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಬಳಿ ಕಲಿತ ದೊಡ್ಡ ವಿಜ್ಞಾನಿ. ಬ್ರಿಟಿಷ್ ಅಧಿಕಾರಿಗಳು ಅವರಿಗೆ ಆಸ್ಪತ್ರೆಯ ಕೋಣೆ, ಹೆಣ ಕೊಯ್ಯುವ ಸೌಕರ್ಯ ಎಲ್ಲ ಕೊಟ್ಟರು. ಯೆರ್ಸಿನ್ ಅವರಿಗೆ ಏನೂ ಸಿಗಲಿಲ್ಲ.

ಆಗ ಯೆರ್ಸಿನ್ ಆಸ್ಪತ್ರೆಯ ಹತ್ತಿರ ಒಂದು ಹುಲ್ಲಿನ ಗುಡಿಸಲು ಕಟ್ಟಿಸಿಕೊಂಡರು. ಒಂದು ಸೂಕ್ಷ್ಮದರ್ಶಕ, ಸ್ವಲ್ಪ ಗಾಜಿನ ಸಾಮಾನು, ಕೆಲವು ಪ್ರಾಣಿಗಳು, ಇಷ್ಟೇ ಅವರ ಪ್ರಯೋಗಶಾಲೆ. ಹೆಣ ನೋಡಲು ಬಿಡದಿದ್ದಾಗ ಒಬ್ಬ ಇಟಲಿಯ ಪಾದ್ರಿ ದಾರಿ ತೋರಿಸಿದರು. ಹೆಣ ಹುಗಿಯುವ ಕೆಲಸಕ್ಕಿದ್ದ ನಾವಿಕರಿಗೆ ಒಂದಿಷ್ಟು ಹಣ ಕೊಟ್ಟು, ಪೆಟ್ಟಿಗೆ ತೆರೆಸಿ, ಸತ್ತವರ ಮೈಮೇಲಿನ ಗಂಟನ್ನು ಕೊಯ್ದು ತಂದರು. ಕಿಟಾಸಾಟೋ ತಂಡ ಹೆಚ್ಚಾಗಿ ರಕ್ತದಲ್ಲಿ ಹುಡುಕುತ್ತಿತ್ತು. ಯೆರ್ಸಿನ್ ಗಂಟಿನಲ್ಲಿ ಹುಡುಕಿದರು. ಗಂಟಿನೊಳಗೆ ಎರಡೂ ತುದಿ ದುಂಡಗಿರುವ ಗಿಡ್ಡ ಕಡ್ಡಿಯಂತಹ ಸೂಕ್ಷ್ಮಾಣುಗಳು ಕಿಕ್ಕಿರಿದು ತುಂಬಿದ್ದವು. ಗ್ರಾಂ ಪದ್ಧತಿಯ ಬಣ್ಣವನ್ನು ಅವು ಹಿಡಿಯಲಿಲ್ಲ. ಓಣಿಗಳಲ್ಲಿ ಸತ್ತು ಬಿದ್ದ ಇಲಿಗಳಲ್ಲಿಯೂ ಅವೇ ಇದ್ದವು. ಇಲಿಗೂ ಮನುಷ್ಯನಿಗೂ ಬರುವುದು ಒಂದೇ ರೋಗ ಎಂದು ಅವರು ಬರೆದು ಪ್ಯಾರಿಸ್ಸಿಗೆ ಕಳಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಯೆರ್ಸಿನ್ ಬಳಿ ಸೂಕ್ಷ್ಮಾಣು ಬೆಳೆಸುವ ಬಿಸಿ ಪೆಟ್ಟಿಗೆ ಇರಲಿಲ್ಲ. ಗುಡಿಸಲಿನ ಹವೆಯಲ್ಲೇ ಬೆಳೆಸಿದರು. ಪ್ಲೇಗಿನ ಸೂಕ್ಷ್ಮಾಣು ಚೆನ್ನಾಗಿ ಬೆಳೆಯುವುದು ಸುಮಾರು 28 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಕಿಟಾಸಾಟೋ ತಮ್ಮ ಒಳ್ಳೆಯ ಪೆಟ್ಟಿಗೆಯಲ್ಲಿ ಮೈಶಾಖಕ್ಕೆ ಸರಿಯಾಗಿ ಬೆಳೆಸಿದರು. ಆ ಶಾಖದಲ್ಲಿ ಬೇರೆ ಸೂಕ್ಷ್ಮಾಣುಗಳೂ ಹುಲುಸಾಗಿ ಬೆಳೆಯುತ್ತವೆ. ಅವರ ಮಾದರಿಯಲ್ಲಿ ನ್ಯುಮೋನಿಯಾದ ಸೂಕ್ಷ್ಮಾಣು ಬೆರೆತಿರಬೇಕು ಎಂದು ನಂತರ ಪರಿಶೀಲಿಸಿದವರು ಹೇಳಿದ್ದಾರೆ. ಅವರ ವರ್ಣನೆಯಲ್ಲಿ ಗ್ರಾಂ ಬಣ್ಣದ ವಿಷಯ ಗೊಂದಲವಾಗಿಯೇ ಉಳಿಯಿತು. ಕಿಟಾಸಾಟೋ ಅವರಿಗೂ ಸೂಕ್ಷ್ಮಾಣು ಕಂಡಿತ್ತು ಎಂಬುದನ್ನು ಬಹಳ ಜನ ಒಪ್ಪುತ್ತಾರೆ. ಆದರೆ ಸ್ಪಷ್ಟವಾಗಿ ಇದೇ ಎಂದು ಗುರುತಿಸಿ, ವರ್ಣಿಸಿ, ಬೇರೆಯವರಿಗೆ ಪತ್ತೆ ಹಚ್ಚಲು ಬರುವಂತೆ ಮಾಡಿದವರು ಯೆರ್ಸಿನ್. ಬಡ ಗುಡಿಸಲು ಅವರ ಪಾಲಿಗೆ ಅನುಕೂಲವೇ ಆಯಿತು.

ಎರಡೇ ವರ್ಷದಲ್ಲಿ, 1896ರ ಸೆಪ್ಟೆಂಬರಿನಲ್ಲಿ, ಪ್ಲೇಗ್ ಮುಂಬಯಿಯ ಮಾಂಡವಿ ಭಾಗದಲ್ಲಿ ಕಾಣಿಸಿಕೊಂಡಿತು. ಡಾ. ಅಕಾಸಿಯೋ ವೀಗಸ್ ಅದನ್ನು ಮೊದಲು ಗುರುತಿಸಿದರು. ಜನ ಮುಂಬಯಿ ಬಿಟ್ಟು ಊರು ಸೇರತೊಡಗಿದರು. ರೈಲಿನ ದಾರಿ ಹಿಡಿದು ರೋಗವೂ ಅವರ ಹಿಂದೆ ಬಂತು. ಪುಣೆ, ಸೊಲ್ಲಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಹೀಗೆ ಒಂದೊಂದೇ ಊರು ಖಾಲಿಯಾಯಿತು. 1897ರಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯದೆ ತಂದಿತು. ಪುಣೆಯಲ್ಲಿ ಮನೆ ಹೊಕ್ಕು ತಪಾಸಣೆ ಮಾಡಿದ ರೀತಿಗೆ ಜನ ಸಿಟ್ಟಾಗಿ, ಚಾಪೇಕರ ಬಂಧುಗಳು ಅದೇ ವರ್ಷ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದ ಕಥೆ ಶಾಲೆ ಮಕ್ಕಳಿಗೂ ಗೊತ್ತು.

ಅದೇ ವರ್ಷ ಮಾರ್ಚಿನಲ್ಲಿ ಯೆರ್ಸಿನ್ ಮುಂಬಯಿಗೆ ಬಂದರು. ಕುದುರೆಗಳಿಗೆ ಪ್ಲೇಗಿನ ಸೂಕ್ಷ್ಮಾಣು ಚುಚ್ಚಿ, ಅವುಗಳ ರಕ್ತದಿಂದ ತೆಗೆದ ಸೀರಮ್ ಅವರ ಕೈಯಲ್ಲಿತ್ತು. 1896ರಲ್ಲಿ ಚೀನಾದ ಅಮೋಯ್ ಊರಿನಲ್ಲಿ 23 ರೋಗಿಗಳಿಗೆ ಕೊಟ್ಟು 21 ಜನರನ್ನು ಉಳಿಸಿದ್ದರು. ಆದರೆ ಮುಂಬಯಿಯಲ್ಲಿ ಆ ಯಶಸ್ಸು ಸಿಗಲಿಲ್ಲ. ಸೀರಮ್ ಸಾಕಷ್ಟು ಇರಲಿಲ್ಲ, ಇದ್ದುದರಲ್ಲಿ ಎಲ್ಲವೂ ಅಷ್ಟು ಬಲವಾಗಿರಲಿಲ್ಲ, ರೋಗಿಗಳು ತಡವಾಗಿ ಬರುತ್ತಿದ್ದರು. ಬಹಳ ಜನ ಸತ್ತರು. ಯೆರ್ಸಿನ್ ನಿರಾಶರಾಗಿ ಹಿಂತಿರುಗಿದರು. ಅವರ ಜಾಗಕ್ಕೆ ಬಂದ ಪಾಲ್ ಲೂಯಿ ಸಿಮೊನ್ ಎಂಬ ಫ್ರೆಂಚ್ ಡಾಕ್ಟರ್ 1898ರಲ್ಲಿ ಕರಾಚಿಯಲ್ಲಿ, ಇಲಿಯಿಂದ ಇಲಿಗೆ ರೋಗ ಒಯ್ಯುವುದು ಚಿಗಟ ಎಂದು ಕಂಡುಹಿಡಿದರು. ಪಾಶ್ಚರ್ ಸಂಸ್ಥೆಯಲ್ಲೇ ದುಡಿದಿದ್ದ ವಾಲ್ಡೆಮಾರ್ ಹಾಫ್ಕಿನ್ ಅವರ ಲಸಿಕೆ ಮಾತ್ರ ಈ ಭಾಗದಲ್ಲಿ ಕೆಲಸಕ್ಕೆ ಬಂತು. 1898ರಲ್ಲಿ ಹುಬ್ಬಳ್ಳಿಯೊಂದರಲ್ಲೇ ಹತ್ತಾರು ಸಾವಿರ ಜನ ಅದನ್ನು ಚುಚ್ಚಿಸಿಕೊಂಡರು. ಹಾಫ್ಕಿನ್ ಹೆಸರು ಮುಂಬಯಿಯ ಸಂಸ್ಥೆಯ ಮೇಲೆ ಉಳಿದಿದೆ. ಯೆರ್ಸಿನ್ ಇಲ್ಲಿಗೆ ಬಂದಿದ್ದರೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಸೋತು ಹೋದವರನ್ನು ಯಾರು ನೆನೆಯುತ್ತಾರೆ?

ವಿಯೆಟ್ನಾಮಿನ ಸಮುದ್ರ ದಂಡೆಯ ನ್ಯಾತ್ರಾಂಗ್ ಎಂಬ ಬೆಸ್ತರ ಊರಿನಲ್ಲಿ ಯೆರ್ಸಿನ್ ನೆಲೆ ನಿಂತರು. 1895ರಲ್ಲಿ ಆರಂಭಿಸಿದ ಪ್ರಯೋಗಶಾಲೆ ಮುಂದೆ ಪಾಶ್ಚರ್ ಸಂಸ್ಥೆಯ ಶಾಖೆಯಾಯಿತು. ದನಗಳ ರೋಗಕ್ಕೆ ಸೀರಮ್ ಮಾಡಿದರು. ಬ್ರೆಜಿಲಿನ ರಬ್ಬರ್ ಗಿಡ ತಂದು ಬೆಳೆಸಿದರು. ಮಲೇರಿಯಾಕ್ಕೆ ಬೇಕಾದ ಕ್ವಿನೈನ್ ಕೊಡುವ ಸಿಂಕೋನಾ ಮರ ಹಚ್ಚಿದರು. 1902ರಲ್ಲಿ ಹನೋಯ್ ನಗರದ ವೈದ್ಯಕೀಯ ಶಾಲೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು. ಮದುವೆಯಾಗಲಿಲ್ಲ. ಮನೆ ಮೇಲೆ ದೂರದರ್ಶಕ ಇಟ್ಟುಕೊಂಡು ರಾತ್ರಿ ನಕ್ಷತ್ರ ನೋಡುತ್ತಿದ್ದರು. ಬಿರುಗಾಳಿ ಬರುವ ಸೂಚನೆ ಸಿಕ್ಕರೆ ಬೆಸ್ತರಿಗೆ ಮುಂಚಿತವಾಗಿ ತಿಳಿಸುತ್ತಿದ್ದರು. ಬಡವರಿಗೆ ಪುಕ್ಕಟೆ ಔಷಧ ಕೊಡುತ್ತಿದ್ದರು. ಊರವರು ಪ್ರೀತಿಯಿಂದ ಅವರನ್ನು ಐದನೆಯ ಯಜಮಾನರು ಎಂಬ ಅರ್ಥದ ಅಡ್ಡ ಹೆಸರಿನಿಂದ ಕರೆಯುತ್ತಿದ್ದರು. 1 ಮಾರ್ಚ್ 1943ರಂದು, 79ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು. ಫ್ರೆಂಚರು ಹೋದ ಮೇಲೆ ಎಷ್ಟೋ ರಸ್ತೆಗಳ ಫ್ರೆಂಚ್ ಹೆಸರು ಬದಲಾದವು. ಯೆರ್ಸಿನ್ ಹೆಸರಿನ ರಸ್ತೆ ಹಾಗೇ ಉಳಿದವು. ಅವರ ಸಮಾಧಿಗೆ ಜನ ಇಂದಿಗೂ ಊದಿನಕಡ್ಡಿ ಹಚ್ಚುತ್ತಾರೆ.

ಇನ್ನು ಸೂಕ್ಷ್ಮಾಣುವಿನ ಹೆಸರಿನ ವಿಷಯ. ಯೆರ್ಸಿನ್ ಬದುಕಿರುವವರೆಗೆ ಅದಕ್ಕೆ ಅವರ ಹೆಸರು ಇರಲಿಲ್ಲ. 1896ರಲ್ಲಿ ಲೇಮನ್ ಮತ್ತು ನಾಯ್ಮನ್ ಎಂಬ ಜರ್ಮನ್ ವಿದ್ವಾಂಸರು ಬ್ಯಾಕ್ಟೀರಿಯಂ ಪೆಸ್ಟಿಸ್ ಎಂದು ಕರೆದರು. ಬೇರೆಯವರು ಬ್ಯಾಸಿಲಸ್ ಪೆಸ್ಟಿಸ್ ಎಂದರು. 1920ರ ದಶಕದಲ್ಲಿ ಅದನ್ನು ಪಾಶ್ಚುರೆಲ್ಲಾ ಎಂಬ ಕುಲಕ್ಕೆ ಸೇರಿಸಿ ಪಾಶ್ಚುರೆಲ್ಲಾ ಪೆಸ್ಟಿಸ್ ಎನ್ನತೊಡಗಿದರು. ಪಾಶ್ಚುರೆಲ್ಲಾ ಎಂದರೆ ಪಾಶ್ಚರ್ ಅವರ ಹೆಸರಿನ ಕುಲ. ಶಿಷ್ಯ ಕಂಡುಹಿಡಿದದ್ದು ಗುರುವಿನ ಖಾತೆಗೆ ಹೋಯಿತು ಎಂದಂತೆ. ಯೆರ್ಸಿನ್ ತೀರಿಕೊಂಡ ಮರುವರ್ಷ, 1944ರಲ್ಲಿ, ಡಚ್ ವಿಜ್ಞಾನಿ ವಾನ್ ಲೋಗೆಮ್ ಇದು ಪಾಶ್ಚುರೆಲ್ಲಾದಿಂದ ಬೇರೆಯಾದ ಕುಲ ಎಂದು ತೋರಿಸಿ ಯೆರ್ಸಿನಿಯಾ ಎಂಬ ಹೆಸರು ಇಟ್ಟರು. ಆ ಹೆಸರು ಎಲ್ಲ ಕಡೆ ನೆಲೆಗೊಳ್ಳಲು 1970ರ ದಶಕದವರೆಗೆ ಕಾಯಬೇಕಾಯಿತು.

ಸೂಕ್ಷ್ಮಾಣುಗಳ ಹೆಸರಿನಲ್ಲಿ ಮೊದಲು ಕುಲ, ನಂತರ ಪ್ರಭೇದ, ಬೇಕಾದರೆ ಅದರ ಕೆಳಗೆ ಉಪಪ್ರಭೇದ ಇರುತ್ತದೆ. ರೈತರಿಗೆ ಇದು ಹೊಸದೇನಲ್ಲ. ಜೋಳ ಎಂದರೆ ಎಲ್ಲವೂ ಜೋಳವೇ. ಆದರೂ ಮೋಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ಬೇರೆ, ಹೈಬ್ರಿಡ್ ಜೋಳ ಬೇರೆ ಎಂದು ತೆನೆ ನೋಡಿಯೇ ಹೇಳುತ್ತಾರೆ. ಸೂಕ್ಷ್ಮಾಣುವಿಗೆ ತೆನೆ ಇಲ್ಲ. ಯಾವ ಸಕ್ಕರೆ ಹುಳಿ ಬರಿಸುತ್ತದೆ, ಯಾವ ಶಾಖದಲ್ಲಿ ಈಜಾಡುತ್ತದೆ, ಯಾವ ಪ್ರಾಣಿಯನ್ನು ಕೊಲ್ಲುತ್ತದೆ ಎಂದು ನೋಡಿ ಬೇರ್ಪಡಿಸಬೇಕು.

ಪ್ಲೇಗಿನ ಸೂಕ್ಷ್ಮಾಣುವಿಗೆ ಒಬ್ಬ ಹತ್ತಿರದ ಸಂಬಂಧಿ ಇದೆ. ಅದರ ಹೆಸರು ಯೆರ್ಸಿನಿಯಾ ಸ್ಯೂಡೋಟ್ಯುಬರ್ಕ್ಯುಲೋಸಿಸ್. ಹುಸಿಕ್ಷಯ ಎಂದು ಅದರ ಅರ್ಥ, ಏಕೆಂದರೆ ಪ್ರಾಣಿಗಳ ಒಳಗೆ ಕ್ಷಯದಂತಹ ಗಂಟು ಮಾಡುತ್ತದೆ. ಮನುಷ್ಯನಿಗೆ ಆಹಾರ, ನೀರಿನಿಂದ ಬರುತ್ತದೆ. ಹೊಟ್ಟೆನೋವು, ಜ್ವರ ತಂದು ಸಾಮಾನ್ಯವಾಗಿ ತಾನೇ ಹೋಗುತ್ತದೆ. ತಂಪು ಹವೆಯಲ್ಲಿ ಇದು ಈಜುತ್ತದೆ, ಪ್ಲೇಗಿನದು ಈಜುವುದಿಲ್ಲ. ಇದು ಯೂರಿಯಾವನ್ನು ಒಡೆಯುತ್ತದೆ, ಪ್ಲೇಗಿನದು ಒಡೆಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಇಂತಹ ಗುರುತುಗಳಿಂದಲೇ ಎರಡನ್ನು ಬೇರೆ ಮಾಡುತ್ತಾರೆ.

ಆದರೆ ಒಳಗಿನ ಡಿಎನ್ಎ ಬೇರೆ ಕಥೆ ಹೇಳಿತು. 1980ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಮತ್ತು ಅಮೇರಿಕದ ವಿಜ್ಞಾನಿಗಳು ಎರಡರ ಡಿಎನ್ಎ ಜೋಡಿಸಿ ನೋಡಿದಾಗ ಅವು ಒಂದೇ ಪ್ರಭೇದ ಎನ್ನುವಷ್ಟು ಹೋಲುತ್ತಿದ್ದವು. ನಿಯಮದ ಪ್ರಕಾರ ಹಳೆಯ ಹೆಸರು ನಿಲ್ಲಬೇಕು. ಹುಸಿಕ್ಷಯದ ಸೂಕ್ಷ್ಮಾಣುವನ್ನು 1880ರ ದಶಕದಲ್ಲೇ ವರ್ಣಿಸಿ ಹೆಸರಿಸಿದ್ದರು. ಆದ್ದರಿಂದ ಪ್ಲೇಗಿನದನ್ನು ಅದರ ಉಪಪ್ರಭೇದ ಮಾಡಿ, ಯೆರ್ಸಿನಿಯಾ ಸ್ಯೂಡೋಟ್ಯುಬರ್ಕ್ಯುಲೋಸಿಸ್ ಉಪಪ್ರಭೇದ ಪೆಸ್ಟಿಸ್ ಎಂದು ಕರೆಯಲು ಸೂಚಿಸಿದರು. ಈ ಸೂಚನೆ ಮಾಡಿದವರಲ್ಲಿ ಆನ್ರಿ ಮೊಲಾರೆ ಒಬ್ಬರು. ಯೆರ್ಸಿನ್ ಅವರ ಜೀವನಚರಿತ್ರೆಯನ್ನು ಇನ್ನೊಬ್ಬರೊಂದಿಗೆ ಸೇರಿ ಬರೆದವರೂ ಇದೇ ಮೊಲಾರೆ. ಯೆರ್ಸಿನ್ ಮೇಲೆ ಅಷ್ಟು ಪ್ರೀತಿ ಇದ್ದವರೇ ಅವರು ಕಂಡುಹಿಡಿದ ಸೂಕ್ಷ್ಮಾಣುವನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಲು ಹೊರಟಿದ್ದರು. ಲೆಕ್ಕ ನೋಡಿದರೆ ಅವರ ಮಾತು ಸರಿಯಾಗಿಯೇ ಇತ್ತು.

ಪ್ಲೇಗ್ ಕೆಲಸ ಮಾಡುವ ಡಾಕ್ಟರರು ಇದನ್ನು ಒಪ್ಪಲಿಲ್ಲ. ಅವರ ಭಯಕ್ಕೆ ಕಾರಣ ಗಡಿಯ ಜನರಿಗೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಕನ್ನಡ, ಕಾಗದದಲ್ಲಿ ಮರಾಠಿ ಇರುವ ಊರುಗಳಲ್ಲಿ ಸಾತಬಾರಾ ಉತಾರೆಯಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಬಿದ್ದರೆ ಏನಾಗುತ್ತದೆ ಎಂದು ಎಲ್ಲರೂ ಕಂಡಿದ್ದಾರೆ. ಮನುಷ್ಯ ಒಬ್ಬನೇ ಆದರೂ ಕೆಲಸ ಆಗುವುದು ಕಾಗದದ ಮೇಲಿನ ಹೆಸರಿನಂತೆ. ಆಸ್ಪತ್ರೆಯ ರಿಪೋರ್ಟೂ ಹಾಗೆಯೇ. ಉದ್ದದ ಹೆಸರಿನ ಕೊನೆಯ ಒಂದು ಪದ ಬಿಟ್ಟುಹೋದರೆ, ಅಥವಾ ಅವಸರದಲ್ಲಿ ಯಾರೂ ಓದದಿದ್ದರೆ, ಪ್ಲೇಗಿನ ರೋಗಿಯನ್ನು ಹೊಟ್ಟೆನೋವಿನವನೆಂದು ಸಾಮಾನ್ಯ ವಾರ್ಡಿನಲ್ಲಿ ಮಲಗಿಸಬಹುದು. ಪ್ರಯೋಗಶಾಲೆಯ ನೌಕರ ಎಚ್ಚರಿಕೆ ಇಲ್ಲದೆ ಸೀಸೆ ಮುಟ್ಟಬಹುದು. ಶ್ವಾಸಕೋಶದ ಪ್ಲೇಗಿಗೆ ಮೊದಲ ಒಂದು ದಿನದೊಳಗೆ ಔಷಧ ಬೀಳದಿದ್ದರೆ ರೋಗಿ ಉಳಿಯುವುದು ಕಷ್ಟ. ಅಲ್ಲಿ ಹೆಸರಿನ ಗೊಂದಲಕ್ಕೆ ಬೆಲೆ ಪ್ರಾಣ.

ಸೂಕ್ಷ್ಮಾಣುಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇಂತಹ ಸಂದರ್ಭಕ್ಕೊಂದು ಕಲಂ ಇದೆ. ಬಳಸಿದರೆ ಜನರ ಆರೋಗ್ಯಕ್ಕೆ, ಪ್ರಾಣಕ್ಕೆ ಅಪಾಯ ತರಬಹುದಾದ ಹೆಸರನ್ನು ತಿರಸ್ಕರಿಸಬಹುದು. 1984ರಲ್ಲಿ ಈ ಕುರಿತು ಮನವಿ ಪ್ರಕಟವಾಯಿತು. 1985ರಲ್ಲಿ ನಾಮಕರಣದ ನ್ಯಾಯಮಂಡಳಿ ತನ್ನ 60ನೆಯ ಅಭಿಪ್ರಾಯದಲ್ಲಿ ಹೊಸ ಹೆಸರನ್ನು ತಿರಸ್ಕರಿಸಿ, ಯೆರ್ಸಿನಿಯಾ ಪೆಸ್ಟಿಸ್ ಎಂಬ ಹೆಸರನ್ನೇ ಕಾಯಂ ಮಾಡಿತು. ಸಂಬಂಧ ಒಂದು, ಹೆಸರು ಎರಡು ಎಂಬ ತೀರ್ಮಾನ ಅದು. ಮಂಡಳಿ ಡಿಎನ್ಎ ಲೆಕ್ಕವನ್ನು ತಪ್ಪು ಎನ್ನಲಿಲ್ಲ ಎಂಬುದು ಗಮನಿಸಬೇಕಾದದ್ದು. 1999ರಲ್ಲಿ ಬಂದ ಸಂಶೋಧನೆ ಆ ಲೆಕ್ಕವನ್ನು ಇನ್ನೂ ಗಟ್ಟಿ ಮಾಡಿತು. ಪ್ಲೇಗಿನ ಸೂಕ್ಷ್ಮಾಣು ಕೆಲವು ಸಾವಿರ ವರ್ಷಗಳ ಹಿಂದಷ್ಟೇ ಹುಸಿಕ್ಷಯದ ಸೂಕ್ಷ್ಮಾಣುವಿನಿಂದ ಕವಲೊಡೆದದ್ದು. ಡಿಎನ್ಎಯ ಎರಡು ಸಣ್ಣ ಉಂಗುರಗಳನ್ನು ಹೊಸದಾಗಿ ಪಡೆದು, ಬೇಡವಾದ ಗುಣಗಳನ್ನು ಬಿಟ್ಟು, ಚಿಗಟದ ಹೊಟ್ಟೆಯಲ್ಲಿ ಬದುಕಲು ಕಲಿತದ್ದು.

ಪ್ಲೇಗಿನ ಸೂಕ್ಷ್ಮಾಣುವಿನ ಒಳಗೂ ಪಂಗಡಗಳಿವೆ. 1951ರಲ್ಲಿ ಡೆವಿನ್ಯಾ ಎಂಬ ವಿಜ್ಞಾನಿ ಗ್ಲಿಸರಿನ್ ಮತ್ತು ನೈಟ್ರೇಟ್ ಪರೀಕ್ಷೆಯಿಂದ ಮೂರು ಪಂಗಡ ಮಾಡಿ ಆಂಟಿಕ್ವಾ, ಮೀಡಿವಾಲಿಸ್, ಓರಿಯಂಟಾಲಿಸ್ ಎಂದರು. ಮೂರು ಮಹಾಮಾರಿಗಳಿಗೆ ಮೂರು ಪಂಗಡ ಎಂಬುದು ಅವರ ಊಹೆ. ಹಳೆಯ ಸಮಾಧಿಗಳ ಎಲುಬಿನಿಂದ ಡಿಎನ್ಎ ತೆಗೆದು ನೋಡಿದ ಮೇಲೆ ಆ ಊಹೆ ಅಷ್ಟು ಸರಿಯಾಗಿ ಹೊಂದಲಿಲ್ಲ. ಹಾಂಗ್‌ಕಾಂಗಿನಿಂದ ಮುಂಬಯಿಗೆ ಬಂದು, ಈ ಭಾಗದ ಊರುಗಳನ್ನು ಖಾಲಿ ಮಾಡಿಸಿದ್ದು ಓರಿಯಂಟಾಲಿಸ್ ಪಂಗಡ. ಚೀನಾದಲ್ಲಿ ಒಂದು ಜಾತಿಯ ಕಾಡು ಇಲಿಗಳಲ್ಲಿರುವ ಮೈಕ್ರೋಟಸ್ ಎಂಬ ಪಂಗಡ ಮನುಷ್ಯರಿಗೆ ರೋಗ ತರುವುದಿಲ್ಲ ಎಂದು 2004ರ ಸುಮಾರಿಗೆ ತಿಳಿಯಿತು. ರಶಿಯಾದ ವಿಜ್ಞಾನಿಗಳು ಇಂತಹವನ್ನು ಉಪಪ್ರಭೇದ ಎನ್ನುತ್ತಾರೆ, ಬೇರೆಯವರು ಪಂಗಡ ಎನ್ನುತ್ತಾರೆ.

ಹೆಸರಿನ ಪ್ರಶ್ನೆ ಗಡಿ ಭಾಗದ ಹತ್ತಿರಕ್ಕೇ ಮತ್ತೊಮ್ಮೆ ಬಂತು. 30 ಸೆಪ್ಟೆಂಬರ್ 1993ರ ಕಿಲ್ಲಾರಿ ಭೂಕಂಪ ಸೊಲ್ಲಾಪುರ ಜಿಲ್ಲೆಯ ಜನ ಮರೆಯುವಂತಿಲ್ಲ. ಅದಾದ ಮರುವರ್ಷ ಆಗಸ್ಟಿನಲ್ಲಿ ಬೀಡ ಜಿಲ್ಲೆಯ ಮಾಮಲಾ ಗ್ರಾಮದಲ್ಲಿ ಗಂಟಿನ ಪ್ಲೇಗ್ ಕಾಣಿಸಿತು. ಬಿದ್ದ ಮನೆಗಳಲ್ಲಿ ಉಳಿದ ಧಾನ್ಯ ತಿಂದು ಇಲಿಗಳು ಹೆಚ್ಚಿದ್ದೇ ಕಾರಣ ಎಂಬ ವಿವರಣೆ ಆಗ ಕೇಳಿಬಂದಿತ್ತು. ಸೆಪ್ಟೆಂಬರಿನಲ್ಲಿ ಸೂರತ್ ನಗರದಲ್ಲಿ ಶ್ವಾಸಕೋಶದ ಪ್ಲೇಗ್ ಎಂದು ಸುದ್ದಿಯಾಯಿತು. ಲಕ್ಷಗಟ್ಟಲೆ ಜನ ಊರು ಬಿಟ್ಟರು. ಸತ್ತವರು ಸುಮಾರು 50 ಜನ. ಆದರೆ ಹೊರದೇಶಗಳು ವಿಮಾನ ನಿಲ್ಲಿಸಿದವು, ವ್ಯಾಪಾರ ಕೆಟ್ಟಿತು. ಅಷ್ಟರಲ್ಲಿ ಇದು ನಿಜಕ್ಕೂ ಪ್ಲೇಗೇ ಹೌದೋ, ಬೇರೆ ಯಾವುದಾದರೂ ಸೂಕ್ಷ್ಮಾಣುವೋ ಎಂಬ ವಾದ ಎದ್ದಿತು. ಸೂಕ್ಷ್ಮದರ್ಶಕದಲ್ಲಿ ಕಾಣುವ ಗಿಡ್ಡ ಕಡ್ಡಿಗಳು ಒಂದೇ ಥರ ಇರುವುದರಿಂದ ಕಣ್ಣಿನ ಸಾಕ್ಷಿಯೊಂದೇ ಸಾಲಲಿಲ್ಲ. ಆರು ವರ್ಷದ ನಂತರ, 2000ದಲ್ಲಿ, ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಡಿಎನ್ಎ ಪರೀಕ್ಷೆಯಿಂದ ಅದು ಯೆರ್ಸಿನಿಯಾ ಪೆಸ್ಟಿಸ್ ಎಂದು ಪ್ರಕಟಿಸಿದರು.

2002ರಲ್ಲಿ ಹಿಮಾಚಲ ಪ್ರದೇಶದಲ್ಲಿ, 2004ರಲ್ಲಿ ಉತ್ತರಾಖಂಡದ ಒಂದು ಹಳ್ಳಿಯಲ್ಲಿ ರೋಗ ತಲೆ ಎತ್ತಿದಾಗ ಬೇಗ ಹೆಸರು ಹಿಡಿದದ್ದರಿಂದ ಅಲ್ಲಲ್ಲೇ ತಡೆಯಲು ಸಾಧ್ಯವಾಯಿತು. ಈಗ ಸ್ಟ್ರೆಪ್ಟೋಮೈಸಿನ್, ಡಾಕ್ಸಿಸೈಕ್ಲಿನ್‌ನಂತಹ ಸಾಧಾರಣ ಔಷಧಗಳಿಗೆ ಪ್ಲೇಗ್ ಬಗ್ಗುತ್ತದೆ, ಸಮಯಕ್ಕೆ ಕೊಟ್ಟರೆ. ಯೆರ್ಸಿನ್ ಅವರ ಕುದುರೆ ಸೀರಮ್ ಯಾರೂ ಬಳಸುವುದಿಲ್ಲ. ಕರ್ನಾಟಕದ ಕೋಲಾರ ಭಾಗ ಹಿಂದಿನಿಂದಲೂ ಪ್ಲೇಗಿನ ಬೀಡು ಎನಿಸಿಕೊಂಡದ್ದರಿಂದ ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಪ್ಲೇಗ್ ಕಣ್ಗಾವಲು ಘಟಕವಿದೆ. ಇಲಿ, ಹೆಗ್ಗಣ ಹಿಡಿದು, ಅವುಗಳ ಮೈಮೇಲಿನ ಚಿಗಟ ಬಾಚಿ, ರಕ್ತ ತೆಗೆದು ಪರೀಕ್ಷಿಸುವುದು ಅವರ ಕೆಲಸ. ಅಲ್ಲಿ ಹುಡುಕುವ ಸೂಕ್ಷ್ಮಾಣುವಿನ ಹೆಸರು ಯೆರ್ಸಿನಿಯಾ ಪೆಸ್ಟಿಸ್.